ಕೇಳಲು ಹೋದವರು

ಕೇಳುಗರೇ,

ಕೇಳುಗರೇ ಎಂದೆ. ನಮ್ಮ ಕನ್ನಡದಲ್ಲಿ ‘ಕೇಳು’ ಎಂಬ ಒಂದು ಮಾತಿಗೆ ಎರಡು ಕೆಲಸ. ಕಿವಿಗೊಟ್ಟು ಆಲಿಸುವುದೂ ಕೇಳುವುದೇ. ಬಾಯಿಬಿಟ್ಟು ಪ್ರಶ್ನೆ ಹಾಕುವುದೂ ಕೇಳುವುದೇ. ಇವತ್ತಿನ ನನ್ನ ಮಾತೆಲ್ಲ ಈ ಒಂದು ಪದದ ಸುತ್ತಲೇ.

ವಿಷಯ ಇದು. ಎಂ.ಬಿ.ಎ. ಓದುವ ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ಬೇರೆ ದೇಶಕ್ಕೆ ಹೋಗುತ್ತಾರೆ. ಅಲ್ಲಿನ ಒಂದು ಕಂಪನಿಗೋ ಆಸ್ಪತ್ರೆಗೋ ಸೇವಾಸಂಸ್ಥೆಗೋ ಕೆಲವು ವಾರ ಸಲಹೆಗಾರರಾಗಿ ದುಡಿಯುತ್ತಾರೆ. ಇದಕ್ಕೆ ಕನ್ಸಲ್ಟಿಂಗ್ ಪ್ರಾಜೆಕ್ಟ್ ಎನ್ನುತ್ತಾರೆ. ಇದರಿಂದ ವಿದ್ಯಾರ್ಥಿ ಬೆಳೆಯುವುದು ಹೇಗೆ? ಮುಂದೆ ಉದ್ಯೋಗ ಹಿಡಿಯಲು ಇದು ನೆರವಾಗುವುದು ಹೇಗೆ?

ನಿಮ್ಮಲ್ಲಿ ಕೆಲವರಿಗೆ ಆಗಲೇ ಒಂದು ಅನುಮಾನ ಬಂದಿರಬಹುದು. ಇಪ್ಪತ್ತೈದು ವರ್ಷದ ಹುಡುಗಿ, ಇಪ್ಪತ್ತೈದು ವರ್ಷ ವ್ಯಾಪಾರ ಮಾಡಿದವರಿಗೆ ಏನು ಸಲಹೆ ಕೊಟ್ಟಾಳು? ಅದೂ ಭಾಷೆ ಗೊತ್ತಿಲ್ಲದ ಊರಿನಲ್ಲಿ? ಈ ಅನುಮಾನ ನ್ಯಾಯವಾದದ್ದೇ. ಅದನ್ನು ಬಿಡಬೇಡಿ. ಅದಕ್ಕೆ ಉತ್ತರ ಹುಡುಕುತ್ತಲೇ ಮುಂದೆ ಹೋಗೋಣ.

ಮೊದಲಿಗೆ, ಈ ಪದ್ಧತಿ ಬಂದದ್ದು ಎಲ್ಲಿಂದ?

ಅಮೆರಿಕದಲ್ಲಿ ಮಿಷಿಗನ್ ವಿಶ್ವವಿದ್ಯಾಲಯವಿದೆ. ಅದರ ಬಿಸಿನೆಸ್ ಸ್ಕೂಲಿಗೆ ಈಗ ರಾಸ್ ಸ್ಕೂಲ್ ಎಂದು ಹೆಸರು. 1992ರಲ್ಲಿ ಅಲ್ಲಿ ಒಂದು ಕ್ರಮ ಶುರುವಾಯಿತು. ಮೊದಲ ವರ್ಷದ ಎಂ.ಬಿ.ಎ. ವಿದ್ಯಾರ್ಥಿಗಳು ಏಳು ವಾರ ತರಗತಿ ಬಿಟ್ಟು ಹೊರಗೆ ಹೋಗಬೇಕು. ನಿಜವಾದ ಒಂದು ಸಂಸ್ಥೆಯ ನಿಜವಾದ ಒಂದು ಸಮಸ್ಯೆಯ ಮೇಲೆ ಕೆಲಸ ಮಾಡಬೇಕು. ಕೆಲವರಿಗೆ ಅಮೆರಿಕದೊಳಗೇ ಕೆಲಸ. ಕೆಲವರಿಗೆ ಹೊರದೇಶದಲ್ಲಿ.

2000ದಲ್ಲಿ ಅದೇ ದೇಶದ ಎಂ.ಐ.ಟಿ.ಯ ಬಿಸಿನೆಸ್ ಸ್ಕೂಲಾದ ಸ್ಲೋನ್ ಸ್ಕೂಲಿನಲ್ಲಿ ಇಂಥದೇ ಇನ್ನೊಂದು ಕ್ರಮ ಹುಟ್ಟಿತು. ಅದರ ಹೆಸರು ಜಿ-ಲ್ಯಾಬ್. ಅದನ್ನು ಕಟ್ಟಿದವರಲ್ಲಿ ಒಬ್ಬರು ಸೈಮನ್ ಜಾನ್ಸನ್. 2024ರ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಇದ್ದಾರೆ. ಜಿ-ಲ್ಯಾಬಿನ ಕ್ರಮ ಹೀಗಿದೆ. ನಾಲ್ಕು ಜನರ ಒಂದು ತಂಡ. ಮೊದಲ ಕೆಲವು ತಿಂಗಳು ಕೂತಲ್ಲಿಂದಲೇ ತಯಾರಿ. ಫೋನಿನಲ್ಲಿ ಮಾತು, ಲೆಕ್ಕಪತ್ರಗಳ ಓದು. ಆಮೇಲೆ ಜನವರಿಯಲ್ಲಿ ಸುಮಾರು ಮೂರು ವಾರ ಆ ದೇಶದಲ್ಲೇ ವಾಸ.

ಇನ್ನು ಹಾರ್ವರ್ಡ್. ಹಾರ್ವರ್ಡ್ ಬಿಸಿನೆಸ್ ಸ್ಕೂಲು 1908ರದು. ಸುಮಾರು ನೂರು ವರ್ಷದಿಂದ ಅಲ್ಲಿ ಪಾಠ ನಡೆಯುವುದು ಕೇಸ್ ಪದ್ಧತಿಯಲ್ಲಿ. ಒಂದು ಕಂಪನಿಯ ಕಥೆಯನ್ನು ಇಪ್ಪತ್ತು ಪುಟದಲ್ಲಿ ಬರೆದು ಕೊಡುತ್ತಾರೆ. ವಿದ್ಯಾರ್ಥಿಗಳು ಓದಿಕೊಂಡು ಬಂದು ವಾದ ಮಾಡುತ್ತಾರೆ. ಇಂಥ ಶಾಲೆಯೂ 2011ರಲ್ಲಿ ಫೀಲ್ಡ್ ಎಂಬ ಹೊಸ ಕೋರ್ಸು ತಂದಿತು. ಆಗ ಅಲ್ಲಿ ಡೀನ್ ಆಗಿದ್ದವರು ನಮ್ಮ ದೇಶದವರೇ ಆದ ನಿತಿನ್ ನೊಹ್ರಿಯಾ. ಒಂದು ವರ್ಷದ ಸುಮಾರು 900 ವಿದ್ಯಾರ್ಥಿಗಳನ್ನು ತಂಡ ತಂಡವಾಗಿ ಬೇರೆ ಬೇರೆ ದೇಶಗಳಿಗೆ ಕಳಿಸುವ ಏರ್ಪಾಡು ಅದು.

ಕೇಸ್ ಪದ್ಧತಿಯಲ್ಲಿ ಕೊರತೆ ಏನಿತ್ತು? ಕೇಸ್ ಬರೆದವರು ಯಾರೋ ಒಬ್ಬರು ಆಗಲೇ ಆ ಊರಿಗೆ ಹೋಗಿ ಬಂದಿರುತ್ತಾರೆ. ಜನರನ್ನು ಮಾತಾಡಿಸಿರುತ್ತಾರೆ. ಯಾವುದು ಮುಖ್ಯ, ಯಾವುದು ಅಲ್ಲ ಎಂದು ಆರಿಸಿರುತ್ತಾರೆ. ಅಕ್ಕಿ ಆರಿಸಿ, ತೊಳೆದು, ಒಲೆಯ ಮೇಲಿಟ್ಟು ಕೊಟ್ಟಿರುತ್ತಾರೆ. ವಿದ್ಯಾರ್ಥಿಗೆ ಉಳಿಯುವುದು ಉರಿ ಹೆಚ್ಚು ಮಾಡಬೇಕೋ ಕಡಿಮೆ ಮಾಡಬೇಕೋ ಎಂಬ ನಿರ್ಧಾರ ಮಾತ್ರ. ಕಲ್ಲು ಆರಿಸುವ ಕೆಲಸ ಅವರಿಗೆ ಸಿಗುವುದೇ ಇಲ್ಲ. ಉದ್ಯೋಗಕ್ಕೆ ಸೇರಿದ ಮೊದಲ ದಿನ ಕೈಗೆ ಬರುವುದು ಮಾತ್ರ ಆರಿಸದ ಅಕ್ಕಿಯೇ.

ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ನೆನಪಿಸುತ್ತೇನೆ. 1992ರಲ್ಲಿ ಮಿಷಿಗನ್, 2000ದಲ್ಲಿ ಎಂ.ಐ.ಟಿ., 2011ರಲ್ಲಿ ಹಾರ್ವರ್ಡ್. ಮೂರೂ ಕಡೆ ವಿದ್ಯಾರ್ಥಿಗಳನ್ನು ತರಗತಿಯಿಂದ ಎಬ್ಬಿಸಿ ಹೊರಗೆ ಕಳಿಸಿದರು. ಆರಿಸದ ಅಕ್ಕಿಯನ್ನು ಆರಿಸಲು ಕಲಿಯಲಿ ಎಂದು. ಹಾಗಾದರೆ ಅಲ್ಲಿ ಹೋಗಿ ಅವರು ಮಾಡುವುದೇನು?

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಉದಾಹರಣೆ ನನ್ನ ಕಲ್ಪನೆ. ಆದರೆ ಅದರೊಳಗೆ ಬರುವ ಒಂದು ಸಂಗತಿ ನಿಜವಾದದ್ದು.

ಆಫ್ರಿಕಾದ ಕೀನ್ಯಾ ದೇಶ. ನಮ್ಮ ಹಾಗೆಯೇ ಅವರಿಗೂ ಹಾಲು ಹಾಕಿದ ಚಹಾ ಇಲ್ಲದೆ ದಿನ ಸಾಗದು. ಅವರೂ ಅದಕ್ಕೆ ಚಾಯ್ ಎಂದೇ ಅನ್ನುತ್ತಾರೆ. ಒಂದೆರಡು ಹಸು ಕಟ್ಟಿಕೊಂಡ ಸಣ್ಣ ರೈತರು ಅಲ್ಲಿ ಲಕ್ಷಗಟ್ಟಲೆ ಇದ್ದಾರೆ. ಒಂದು ಕಂಪನಿ ಹಾಲನ್ನು ತಂಪಾಗಿಡುವ ಸಣ್ಣ ಯಂತ್ರ ಮಾಡಿದೆ ಎಂದುಕೊಳ್ಳಿ. ಬೆಳಗಿನ ಹಾಲು ಡೈರಿಗೆ ಹೋಗುತ್ತದೆ. ಸಂಜೆಯ ಹಾಲು ಹೋಗುವುದಿಲ್ಲ. ರಾತ್ರಿಯಿಡೀ ತಂಪಾಗಿಟ್ಟರೆ ಮರುದಿನ ಬೆಳಿಗ್ಗೆ ಅದನ್ನೂ ಹಾಕಬಹುದು. ಆದರೆ ಯಂತ್ರ ಮಾರಾಟವಾಗುತ್ತಿಲ್ಲ. ಕಂಪನಿಯವರು ವಿದ್ಯಾರ್ಥಿ ತಂಡಕ್ಕೆ ಕೊಟ್ಟ ಪ್ರಶ್ನೆ ಹೀಗಿದೆ. “ನಮ್ಮ ಯಂತ್ರದ ಬೆಲೆ ಎಷ್ಟಕ್ಕೆ ಇಳಿಸಿದರೆ ಜನ ಕೊಳ್ಳುತ್ತಾರೆ?”

ತಂಡ ಲೆಕ್ಕ ಹಾಕಿಕೊಂಡು ಹೋಯಿತು. ಒಂದು ಲೀಟರಿಗೆ ಇಷ್ಟು, ತಿಂಗಳಿಗೆ ಇಷ್ಟು. ಇಷ್ಟು ತಿಂಗಳಲ್ಲಿ ಯಂತ್ರದ ದುಡ್ಡು ಹುಟ್ಟುತ್ತದೆ. ಲೆಕ್ಕ ಸರಿಯಾಗಿತ್ತು. ಹಳ್ಳಿಗೆ ಹೋಗಿ ಮನೆ ಮನೆಯಲ್ಲಿ ಕೂತರು. ಯಜಮಾನರು ಮಾತಾಡಿದರು. ಎಲ್ಲದಕ್ಕೂ ಹೌದು ಹೌದು ಎಂದರು. ಮೂರನೆಯ ದಿನ ತಂಡದ ಒಬ್ಬ ಹುಡುಗಿ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸಿನ ಹತ್ತಿರ ಹೋಗಿ ಕೂತಳು. ಜೊತೆಗೆ ಭಾಷೆ ಬಲ್ಲ ಒಬ್ಬರಿದ್ದರು. ಅವಳು ಕೇಳಿದ್ದು ಒಂದೇ ಮಾತು. “ಅಮ್ಮಾ, ಸಂಜೆ ಹಾಲು ಏನು ಮಾಡುತ್ತೀರಿ?”

ನಿಜವಾದ ಸಂಗತಿ ಇಲ್ಲಿದೆ. ಕೀನ್ಯಾದ ಎಷ್ಟೋ ರೈತ ಕುಟುಂಬಗಳಲ್ಲಿ ಬೆಳಗಿನ ಹಾಲಿನ ದುಡ್ಡು ಗಂಡಸಿನ ಕೈಗೆ ಹೋಗುತ್ತದೆ. ಸಂಜೆಯ ಹಾಲು ಹೆಂಗಸಿನದು. ಅದನ್ನು ಅವಳು ಮಕ್ಕಳಿಗೆ ಕೊಡುತ್ತಾಳೆ, ನೆರೆಮನೆಗೆ ಮಾರುತ್ತಾಳೆ. ಆ ಚಿಲ್ಲರೆ ಅವಳ ಸ್ವಂತದ್ದು. ಸಂಜೆಯ ಹಾಲೂ ಡೈರಿಗೆ ಹೋದರೆ ಅವಳ ಕೈ ಬರಿದಾಗುತ್ತದೆ. ಯಂತ್ರವನ್ನು ಪುಕ್ಕಟೆ ಕೊಟ್ಟರೂ ಅವಳಿಗೆ ಅದು ಬೇಡ.

ನೋಡಿ, ಪ್ರಶ್ನೆಯೇ ತಿರುಗಿಹೋಯಿತು. ಕಂಪನಿ ಕೇಳಿದ್ದು ಬೆಲೆಯ ಪ್ರಶ್ನೆ. ಅಸಲು ಪ್ರಶ್ನೆ ಈ ದುಡ್ಡು ಯಾರ ಕೈ ಸೇರಬೇಕು ಎಂಬುದು. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಸೊಸೈಟಿಗೆ ಹಾಲು ಹಾಕುವ ಮಂಡ್ಯದ ಅಥವಾ ಕೋಲಾರದ ಒಬ್ಬ ತಾಯಿಗೆ ಇದು ಎರಡು ನಿಮಿಷದಲ್ಲಿ ಅರ್ಥವಾಗುತ್ತಿತ್ತು. ಕಂಪ್ಯೂಟರಿನ ಮುಂದೆ ಕೂತವರಿಗೆ ಎರಡು ತಿಂಗಳಾದರೂ ಆಗಲಿಲ್ಲ.

ಇದು ಕಟ್ಟಿದ ಕಥೆ ಎಂದೆ. ಕಟ್ಟದ ಕಥೆಯೊಂದೂ ಕೀನ್ಯಾದಲ್ಲೇ ಇದೆ. ವಿದ್ಯಾರ್ಥಿಗಳು ಮಾಡಿದ್ದಲ್ಲ, ದೊಡ್ಡ ಕಂಪನಿಯೇ ಮಾಡಿದ್ದು. ಪಾಠ ಮಾತ್ರ ಅದೇ. ಮೊಬೈಲಿನಲ್ಲಿ ಹಣ ಕಳಿಸುವ ಎಂ-ಪೆಸಾ ಸೇವೆಯ ಹೆಸರು ಕೆಲವರು ಕೇಳಿರಬಹುದು. 2005ರಲ್ಲಿ ವೊಡಾಫೋನ್ ಮತ್ತು ಸಫಾರಿಕಾಮ್ ಕಂಪನಿಗಳು ಅದನ್ನು ಕೆಲವು ನೂರು ಜನರ ಮೇಲೆ ಪ್ರಯೋಗ ಮಾಡಿ ನೋಡಿದವು. ಆಗಿನ ಉದ್ದೇಶವೇ ಬೇರೆ. ಕಿರುಸಾಲ ತೆಗೆದುಕೊಂಡವರು ಕಂತನ್ನು ಫೋನಿನಲ್ಲೇ ಕಟ್ಟಲಿ ಎಂಬುದು. ಜನ ಅದನ್ನು ಒಬ್ಬರಿಗೊಬ್ಬರು ದುಡ್ಡು ಕಳಿಸಲು ಬಳಸತೊಡಗಿದರು. ಕಂಪನಿಗಳು ಅದನ್ನು ಗಮನಿಸಿದವು. 2007ರಲ್ಲಿ ಸೇವೆ ಶುರುವಾದಾಗ ಸಾಲದ ಕಂತಿನ ಮಾತು ಹಿಂದೆ ಸರಿದಿತ್ತು. ಪಟ್ಟಣದಲ್ಲಿ ದುಡಿಯುವವರು ಊರಿನ ಮನೆಗೆ ಹಣ ಕಳಿಸುವ ಮಾತು ಮುಂದೆ ಬಂದಿತ್ತು. ಅದೇ ಗೆದ್ದಿತು.

ಹಾಗಾದರೆ ಇಲ್ಲಿಯ ತನಕ ನಾವು ತಿಳಿದದ್ದು ಇಷ್ಟು. ಪರದೇಶದ ಕೆಲಸದಲ್ಲಿ ವಿದ್ಯಾರ್ಥಿ ಮೊದಲು ಕಲಿಯುವುದು, ಕೊಟ್ಟ ಪ್ರಶ್ನೆಯ ಹಿಂದೆ ಇರುವ ಪ್ರಶ್ನೆಯನ್ನು ಕೇಳಿಸಿಕೊಳ್ಳುವುದನ್ನು.

ಇದಕ್ಕೆ ಪರದೇಶಕ್ಕೇ ಹೋಗಬೇಕೆ? ನಮ್ಮ ಊರಿನಲ್ಲಿ ಕಲಿಯಲು ಆಗದೆ?

ಆಗುತ್ತದೆ. ಆದರೆ ನಮ್ಮ ಊರಿನಲ್ಲಿ ನಮಗೆ ಎಲ್ಲ ಗೊತ್ತು ಎಂದುಕೊಂಡಿರುತ್ತೇವೆ. ಹಾಲಿನವರು ಯಾಕೆ ಹಾಗೆ ಮಾಡುತ್ತಾರೆ ಎಂದು ಅವರನ್ನೇ ಕೇಳುವ ಮೊದಲೇ ನಮ್ಮ ಹತ್ತಿರ ಉತ್ತರ ಇರುತ್ತದೆ. ಪರದೇಶದಲ್ಲಿ ಈ ಸೌಕರ್ಯ ಇಲ್ಲ. ಬಸ್ಸಿನ ಟಿಕೆಟ್ ತೆಗೆಯುವುದರಿಂದ ಹಿಡಿದು ಎಲ್ಲವನ್ನೂ ಕೇಳಿಯೇ ತಿಳಿಯಬೇಕು. ದಡ್ಡರಂತೆ ಕಾಣುತ್ತೇವೆ ಎಂಬ ಅಂಜಿಕೆ ಎರಡು ದಿನದಲ್ಲಿ ಬಿಟ್ಟುಹೋಗುತ್ತದೆ. ನಾನು ಇದನ್ನು ಬೆಳವಣಿಗೆ ಎಂದೇ ಕರೆಯುತ್ತೇನೆ.

ನಮ್ಮ ಕರ್ನಾಟಕದ ಒಂದು ನಿಜವಾದ ಕಥೆ ಇದಕ್ಕೆ ಸಾಕ್ಷಿ. ಹರೀಶ್ ಹಂದೆ ಅವರದು. ಅವರು ಎಂ.ಬಿ.ಎ. ಓದಿದವರಲ್ಲ, ಎಂಜಿನಿಯರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸೌರಶಕ್ತಿಯ ಮೇಲೆ ಸಂಶೋಧನೆ ಮಾಡುತ್ತಿದ್ದರು. ಆಗ ಡೊಮಿನಿಕನ್ ರಿಪಬ್ಲಿಕ್ ಎಂಬ ಸಣ್ಣ ದೇಶಕ್ಕೆ ಹೋದರು. ಅಲ್ಲಿ ಬಡವರ ಮನೆಗಳಲ್ಲಿ ಸೋಲಾರ್ ದೀಪ ಉರಿಯುತ್ತಿತ್ತು. ಆ ಜನ ದುಡ್ಡು ಕೊಟ್ಟೇ ಅದನ್ನು ಹಾಕಿಸಿಕೊಂಡಿದ್ದರು. ಹಂದೆಯವರ ಸಂಶೋಧನೆಯ ದಾರಿಯೇ ಬದಲಾಯಿತು. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆಯಿಂದ, ಬಡವರು ಅದನ್ನು ಹೇಗೆ ಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಅವರು ಬಂದರು. ಅದಕ್ಕೆ ಉತ್ತರ ಹುಡುಕುತ್ತಾ ಶ್ರೀಲಂಕಾದ ಹಳ್ಳಿಗಳಲ್ಲಿ ಇದ್ದರು. 1995ರಲ್ಲಿ ನೆವಿಲ್ ವಿಲಿಯಮ್ಸ್ ಎಂಬವರ ಜೊತೆಗೂಡಿ ಸೋಲಾರ್ ದೀಪ ಹಾಕಿಸಿಕೊಡುವ ಸೆಲ್ಕೋ ಸಂಸ್ಥೆ ಕಟ್ಟಿದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಹಂದೆಯವರು ತಮ್ಮ ಭಾಷಣಗಳಲ್ಲಿ ಒಂದು ಪ್ರಸಂಗ ಹೇಳುವುದುಂಟು. ಬೀದಿಬದಿಯ ವ್ಯಾಪಾರಿಯೊಬ್ಬರು ದೀಪಕ್ಕೆ ತಿಂಗಳಿಗೆ 300 ರೂಪಾಯಿ ಕಟ್ಟುವುದು ಕಷ್ಟ ಎಂದರಂತೆ. ದಿನಕ್ಕೆ 10 ರೂಪಾಯಿ ಆದರೆ ಆಗುತ್ತದೆ ಎಂದರಂತೆ. ಲೆಕ್ಕದಲ್ಲಿ ಎರಡೂ ಒಂದೇ. ದಿನಕ್ಕೆ ದುಡಿದು ದಿನಕ್ಕೆ ತಿನ್ನುವವರ ಬದುಕಿನಲ್ಲಿ ಎರಡೂ ಬೇರೆ ಬೇರೆ. ಈ ಪಾಠ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಕೇಳಿದವರಿಗೆ ಸಿಕ್ಕಿತು.

ಇಷ್ಟು ಬೆಳವಣಿಗೆಯ ಮಾತಾಯಿತು. ಪ್ರಶ್ನೆಯ ಹಿಂದಿನ ಪ್ರಶ್ನೆ ಹುಡುಕುವುದು, ಗೊತ್ತಿಲ್ಲ ಎನ್ನಲು ಅಂಜದಿರುವುದು. ಇನ್ನು ಕೆಲಸ ಸಿಗುವ ಮಾತಿಗೆ ಬರೋಣ.

ನನ್ನದು ಮ್ಯಾನೇಜ್‌ಮೆಂಟ್ ಪಾಠ ಹೇಳುವ ವೃತ್ತಿ. ಪ್ಲೇಸ್‌ಮೆಂಟ್ ಸಮಯದಲ್ಲಿ ಮಕ್ಕಳಿಗೆ ಅಣಕು ಸಂದರ್ಶನ ಮಾಡುತ್ತೇವೆ. ಮೇಜಿನ ಆಚೆ ಕೂತು ಕೇಳುತ್ತೇನೆ. “ನೀವು ಎದುರಿಸಿದ ಒಂದು ಕಷ್ಟದ ಸಂದರ್ಭ ಹೇಳಿ.” ಹೆಚ್ಚಿನವರು ಕಾಲೇಜಿನ ಹಬ್ಬಕ್ಕೆ ಶಾಮಿಯಾನ ತಡವಾಗಿ ಬಂದ ಕಥೆ ಹೇಳುತ್ತಾರೆ. ತಪ್ಪೇನಿಲ್ಲ. ಆದರೆ ಎರಡನೆಯ ಪ್ರಶ್ನೆ ಕೇಳಿದರೆ ಕಥೆ ಮುಗಿದುಹೋಗುತ್ತದೆ.

ಪರದೇಶದ ಪ್ರಾಜೆಕ್ಟು ಮಾಡಿ ಬಂದವರಲ್ಲೂ ಎರಡು ಬಗೆ. ಒಬ್ಬರು ಹೇಳುತ್ತಾರೆ, “ನೈರೋಬಿಯಲ್ಲಿ ಮೂರು ವಾರ ಇದ್ದೆ. ಜಾಗತಿಕ ಅನುಭವ ಆಯಿತು.” ಇದು ಪ್ರವಾಸದ ಮಾತು. ಇನ್ನೊಬ್ಬರು ಹೇಳುತ್ತಾರೆ, “ಬೆಲೆ ಇಳಿಸಿದರೆ ಸಾಕು ಎಂದು ನಾನು ಅಂದುಕೊಂಡಿದ್ದೆ. ನಲವತ್ತು ಮನೆಗೆ ಹೋದೆ. ನನ್ನ ಊಹೆ ತಪ್ಪಿತ್ತು. ತಪ್ಪು ಎಂದು ತಿಳಿದದ್ದು ಹೀಗೆ. ಕಂಪನಿಯ ಯಜಮಾನರಿಗೆ ಅದನ್ನು ಒಪ್ಪಿಸಿದ್ದು ಹೀಗೆ.” ಈ ಎರಡನೆಯವರನ್ನು ಹತ್ತು ಪ್ರಶ್ನೆ ಕೇಳಿದರೂ ಹತ್ತಕ್ಕೂ ಉತ್ತರ ಇರುತ್ತದೆ. ಯಾಕೆಂದರೆ ಅದು ಅವರು ಬಾಳಿ ಬಂದ ಸಂಗತಿ. ಉದ್ಯೋಗ ಕೊಡುವವರು ಹುಡುಕುವುದು ಇಂಥವರನ್ನು.

ಕನ್ಸಲ್ಟಿಂಗ್ ಕಂಪನಿಗಳಲ್ಲಂತೂ ಸಂದರ್ಶನವೇ ಹೀಗೆ ನಡೆಯುತ್ತದೆ. ಒಂದು ಸಮಸ್ಯೆ ಕೊಡುತ್ತಾರೆ. ಅದರಲ್ಲಿ ಅರ್ಧ ಮಾಹಿತಿ ಇರುವುದೇ ಇಲ್ಲ. ಆ ಅರ್ಧವನ್ನು ಅಭ್ಯರ್ಥಿ ಕೇಳಿ ಪಡೆಯಬೇಕು. ಕೇಳದೆ ಉತ್ತರ ಹೇಳಲು ಹೊರಟವರು ಅಲ್ಲೇ ಸೋಲುತ್ತಾರೆ.

ಕೇಳುವುದರ ಜೊತೆಗೆ ಹೇಳುವುದನ್ನೂ ಈ ಕೆಲಸ ತಿದ್ದುತ್ತದೆ. ನಾವು ಕಥೆಯನ್ನು ಮೊದಲಿಂದ ಹೇಳಿಕೊಂಡು ಬರುವವರು. ಊರಿಗೆ ಹೋದೆವು, ಅವರನ್ನು ಕಂಡೆವು, ಹೀಗಾಯಿತು, ಹಾಗಾಯಿತು, ಕೊನೆಗೆ ಇದು. ಮೂರು ವಾರದ ಕೆಲಸವನ್ನು ಕಂಪನಿಯ ಮುಖ್ಯಸ್ಥರು ಅರ್ಧ ಗಂಟೆಯಲ್ಲಿ ಕೇಳಬೇಕು. ಅಲ್ಲಿ ಕೊನೆಯದನ್ನು ಮೊದಲು ಹೇಳಬೇಕು. ಇದನ್ನು ಒಂದು ಶಾಸ್ತ್ರವಾಗಿ ಮಾಡಿದವರು ಬಾರ್ಬರಾ ಮಿಂಟೊ. 1963ರಲ್ಲಿ ಮೆಕಿನ್ಸಿ ಎಂಬ ಕನ್ಸಲ್ಟಿಂಗ್ ಕಂಪನಿ ಸೇರಿದ ಮೊದಲ ಎಂ.ಬಿ.ಎ. ಮಹಿಳೆ ಅವರು. ಆ ಕಂಪನಿ ಅವರನ್ನು ಲಂಡನ್ನಿಗೆ ಕಳಿಸಿತು. ಯುರೋಪಿನ ಸಿಬ್ಬಂದಿಗೆ ವರದಿ ಬರೆಯುವುದನ್ನು ಕಲಿಸಲು. ತೊಡಕು ಇರುವುದು ಭಾಷೆಯಲ್ಲಿ ಅಲ್ಲ, ಯೋಚನೆಯ ಜೋಡಣೆಯಲ್ಲಿ ಎಂದು ಅವರು ಅಲ್ಲಿ ಕಂಡರು. ನೋಡಿ, ಅವರಿಗೂ ಕೊಟ್ಟ ಪ್ರಶ್ನೆ ಒಂದು, ಸಿಕ್ಕ ಪ್ರಶ್ನೆ ಇನ್ನೊಂದು. ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ ಎಂದು ಹಿಂಜರಿಯುವ ನಮ್ಮ ಊರಿನ ಮಕ್ಕಳು ಈ ಮಾತನ್ನು ಗಮನದಲ್ಲಿಡಬೇಕು.

ಇಲ್ಲಿಗೆ ಒಮ್ಮೆ ನಿಲ್ಲೋಣ. ಪ್ರಾಜೆಕ್ಟು ಕೆಲಸ ಕೊಡಿಸುವುದು ಹೇಗೆ ಎಂದರೆ, ಮರುಪ್ರಶ್ನೆಗೆ ನಿಲ್ಲುವ ಒಂದು ಅನುಭವ ಕೊಟ್ಟು. ಪ್ರಶ್ನೆ ಕೇಳುವ ಅಭ್ಯಾಸ ಕೊಟ್ಟು. ಉತ್ತರವನ್ನು ಅಚ್ಚುಕಟ್ಟಾಗಿ ಹೇಳುವ ಶಿಸ್ತು ಕೊಟ್ಟು.

ಈಗ ಇದರ ಇನ್ನೊಂದು ಮಗ್ಗುಲು. ಅದನ್ನೂ ಹೇಳದಿದ್ದರೆ ನನ್ನ ಮಾತು ಜಾಹೀರಾತು ಆಗುತ್ತದೆ.

ಪ್ರಾಜೆಕ್ಟು ಎಂದರೆ ಉದ್ಯೋಗದ ಭರವಸೆ ಅಲ್ಲ. ಕೆಲವು ವಾರದ ಪ್ರಾಜೆಕ್ಟಿಗೆಂದು ಒಂದು ದೇಶಕ್ಕೆ ಹೋದ ಮಾತ್ರಕ್ಕೆ ಅಲ್ಲಿ ಕೆಲಸಕ್ಕೆ ನಿಲ್ಲುವ ಪರವಾನಗಿ ಸಿಗುವುದಿಲ್ಲ. ಹಾಗೆ ಸಿಗುತ್ತದೆ ಎಂದು ಯಾರಾದರೂ ದುಡ್ಡು ಕೇಳಿದರೆ ಹತ್ತಿರ ಸೇರಿಸಬೇಡಿ. ಖರ್ಚೂ ಇದೆ. ವಿಮಾನ, ವಸತಿ, ವಿಮೆ. ಕೆಲವು ಶಾಲೆಗಳು ಇದನ್ನು ಶುಲ್ಕದಲ್ಲೇ ಸೇರಿಸಿರುತ್ತವೆ. ಸಾಲ ಮಾಡಿ ಓದುವ ಮಗು ಸೇರುವ ಮೊದಲೇ ಇದನ್ನು ಕೇಳಿ ತಿಳಿಯಬೇಕು. ಇಲ್ಲೂ ಕೇಳುವುದೇ ಮೊದಲ ಕೆಲಸ.

ಇನ್ನೊಂದು ದೋಷ ಇನ್ನೂ ದೊಡ್ಡದು. ಮೂರು ವಾರ ಇದ್ದು ಬಂದವರು ಆ ದೇಶವನ್ನೇ ಅರೆದು ಕುಡಿದವರಂತೆ ಮಾತಾಡುವುದುಂಟು. ಅತ್ತ ವರದಿ ಬೀರುವಿನಲ್ಲಿ ಕೂತಿರುತ್ತದೆ. ಮಾತಾಡಿಸಿದ ಜನರಿಗೆ ಏನೂ ತಿರುಗಿ ಬಂದಿರುವುದಿಲ್ಲ. ವಿದ್ಯಾರ್ಥಿಗೆ ಉದ್ಯೋಗ ಸಿಕ್ಕಿತು, ಅವರಿಗೆ ಒಂದು ಮಧ್ಯಾಹ್ನ ಹಾಳಾಯಿತು. ಒಳ್ಳೆಯ ಪ್ರಾಜೆಕ್ಟನ್ನು ಗುರುತಿಸಲು ಮೂರು ಪ್ರಶ್ನೆ ಸಾಕು. ಹೊರಡುವ ಮೊದಲು ತಿಂಗಳುಗಟ್ಟಲೆ ತಯಾರಿ ಇದೆಯೇ? ಆ ಊರಿನ ಭಾಷೆ ಬಲ್ಲವರು ತಂಡದಲ್ಲಿ ಇದ್ದಾರೆಯೇ? ಕೆಲಸ ಮುಗಿದ ಮೇಲೆ ಅದನ್ನು ಅಲ್ಲಿ ಮುಂದುವರಿಸುವವರು ಯಾರು? ಮೂರಕ್ಕೂ ಉತ್ತರ ಇದ್ದರೆ ಹೋಗಿ. ಇಲ್ಲದಿದ್ದರೆ ಅದು ಸರ್ಟಿಫಿಕೇಟ್ ಸಿಗುವ ಪ್ರವಾಸ.

ಇಷ್ಟು ಹೊತ್ತು ನಾವು ಹೊರಗೆ ಹೋಗುವವರ ಮಾತಾಡಿದೆವು. ಕೊನೆಯದಾಗಿ, ನಮ್ಮಲ್ಲಿಗೆ ಬರುವವರ ಮಾತು.

ನಮಗೆ ಕೀನ್ಯಾ ಪರದೇಶ. ಬೇರೆಯವರಿಗೆ ನಾವು ಪರದೇಶ. ಇನ್ಫೋಸಿಸ್ 1999ರಲ್ಲಿ ಇನ್‌ಸ್ಟೆಪ್ ಎಂಬ ಕಾರ್ಯಕ್ರಮ ಶುರುಮಾಡಿತು. ಅದರಲ್ಲಿ ಹೊರದೇಶದ ಹೆಸರಾಂತ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಬೆಂಗಳೂರಿಗೆ ಬಂದು ಕೆಲವು ವಾರ, ಕೆಲವು ತಿಂಗಳು ಕೆಲಸ ಕಲಿತು ಹೋಗುತ್ತಾರೆ. ಸೆಲ್ಕೋಗೂ ಹೊರದೇಶದ ವಿದ್ಯಾರ್ಥಿಗಳು ಬರುತ್ತಾರೆ. ಸೋಲಾರ್ ದೀಪದ ಕೆಳಗೆ ಹೂ ಕಟ್ಟುವವರ, ಹೊಲಿಗೆ ಹಾಕುವವರ ಬದುಕನ್ನು ಹತ್ತಿರದಿಂದ ನೋಡುವ ಅವಕಾಶ ಅವರಿಗೆ ಅಲ್ಲಿದೆ.

ಕೇಳುಗರೇ, ನೀವು ವಿದ್ಯಾರ್ಥಿಯಾಗಿದ್ದರೆ ನಿಮಗೆ ಒಂದು ಸಣ್ಣ ಕೆಲಸ. ವಿಮಾನಕ್ಕೆ ದುಡ್ಡು ಕೂಡುವವರೆಗೆ ಕಾಯಬೇಡಿ. ಕೊಪ್ಪಳದವರು ಕರಾವಳಿಯ ಮೀನಿನ ದಕ್ಕೆಗೆ ಹೋಗಿ. ಮಂಗಳೂರಿನವರು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗಿ. ಅಲ್ಲಿ ನಿಮಗೆ ಏನೂ ಗೊತ್ತಿರುವುದಿಲ್ಲ. ಒಂದು ವಾರ ಬರೀ ಕೇಳಿ. ಹೋಗುವ ಮೊದಲು ನಿಮ್ಮ ಊಹೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ. ಬಂದ ಮೇಲೆ ತೆಗೆದು ಓದಿ. ಎಷ್ಟು ತಪ್ಪಿತ್ತು ಎಂದು ಎಣಿಸಿ. ಅಷ್ಟು ಕಲಿತಿದ್ದೀರಿ.

ನೀವು ವಿದ್ಯಾರ್ಥಿ ಅಲ್ಲದಿದ್ದರೆ ನಿಮಗೂ ಒಂದು ಮಾತು. ನಾಳೆ ನಿಮ್ಮ ಅಂಗಡಿಗೋ ಹಾಲಿನ ಸೊಸೈಟಿಗೋ ಹೊರಗಿನ ಮಕ್ಕಳ ಒಂದು ತಂಡ ಬಂದೀತು. ಕೈಯಲ್ಲಿ ಪ್ರಶ್ನೆಗಳ ಪಟ್ಟಿ ಇದ್ದೀತು. ಅವರನ್ನು ಕೂರಿಸಿ. ಒಂದು ಲೋಟ ಚಹಾ ಕೊಡಿ. ಸುಮ್ಮನೆ ಹೌದು ಹೌದು ಎನ್ನಬೇಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅವರು ಏಳುವಾಗ ಒಂದು ಮಾತು ಕೇಳಿಬಿಡಿ. “ನಿಮ್ಮ ವರದಿ ಮುಗಿದ ಮೇಲೆ ಅದರ ಸಾರಾಂಶ ಕನ್ನಡದಲ್ಲಿ ಬರೆಸಿ ನಮಗೂ ಒಂದು ಪ್ರತಿ ಕಳಿಸುತ್ತೀರಾ?”

ಕೇಳುವ ಹಕ್ಕು ನಿಮಗೂ ಇದೆ.